ಹನ್ನೆರಡನೇ ವಾಕ್ಯ

ಜೂನ್ 3

ಪ್ರೀತಿಯ ಪಟಾಕಿಗೆ ಚಿಕ್ಕಮ್ಮನ ಆಶೀರ್ವಾದ.

ಈ ಕಾಗದವನ್ನು ಮೂರು ಸಲ ಬರೆದು ಎರಡು ಸಲ ಹರಿದಿದ್ದೇನೆ. ನಗಬೇಡ. ನೀನು ಪರದೇಶದ ಆ ಆಸ್ಪತ್ರೆಗೆ ನರ್ಸಾಗಿ ಸೇರಿ ಮೂರು ತಿಂಗಳಾಯಿತು. ಮೊದಲೆಲ್ಲ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದವಳು ಈಗ ಇದ್ದಕ್ಕಿದ್ದ ಹಾಗೆ ‘ಫೋನು ಬೇಡ ಚಿಕ್ಕಮ್ಮ, ಕಾಗದ ಬರೆಯಿರಿ’ ಅಂದೆ. ನಿಮ್ಮಮ್ಮನನ್ನು ಕೇಳಿದರೆ ‘ಹುಡುಗೀಗೆ ಕೆಲಸ ಜಾಸ್ತಿ ಇರುತ್ತೆ ಬಿಡೇ’ ಅಂದಳು. ನಮ್ಮಕ್ಕನಿಗೆ ದೇವರು ಕೊಟ್ಟಿರುವುದು ಕಲ್ಲಿನ ಎದೆ. ನನಗೆ ಕೊಟ್ಟಿರುವುದು ಏನೆಂದು ನಿನಗೆ ಗೊತ್ತೇ ಇದೆ. ಬೀಗ ಹಾಕಿ ಬಂದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಎರಡು ಸಲ ವಾಪಸ್ ಹೋಗುವವಳು ನಾನು.

ಸಂಜೆ ಶಾಲೆಯಲ್ಲಿ ಇಂಗ್ಲಿಷ್ ಪರೀಕ್ಷೆಯ ಹೊಸ ಬ್ಯಾಚು ಶುರುವಾಗಿದೆ. ಹನ್ನೊಂದು ಜನ. ಅದೇ ಚಪ್ಪಲಿ ಅಂಗಡಿಯ ಮೇಲಿನ ಕೋಣೆ, ಅದೇ ರಬ್ಬರಿನ ವಾಸನೆ, ಮುಚ್ಚಲು ಬಾರದ ಅದೇ ಕಿಟಕಿ. ಇಂಗ್ಲಿಷ್ ಕೇಳಿಸುವ ಪಾಠ ಹಾಕಿದರೆ ಸರಿಯಾಗಿ ಅದೇ ಹೊತ್ತಿಗೆ ಕೆಳಗೆ ಬಸ್ಸು ಬಂದು ನಿಲ್ಲುತ್ತದೆ. ಈ ಸಲ ಒಬ್ಬ ಆಂಬುಲೆನ್ಸ್ ಡ್ರೈವರ್ ಇದ್ದಾನೆ. ಬಲು ತರಲೆ. ಮೊದಲ ದಿನವೇ, ‘ಟೀಚರ್, ಈ ನಲವತ್ತು ವಾಕ್ಯ ಉರು ಹೊಡೆದ್ರೆ ಪಾಸು ಗ್ಯಾರಂಟೀನಾ? ಬರೆದು ಕೊಡ್ತೀರಾ?’ ಎಂದ. ನಿನ್ನ ಅಂಕಪಟ್ಟಿ ಗೋಡೆಯ ಮೇಲಿದೆಯಲ್ಲ, ಅದನ್ನು ತೋರಿಸಿದೆ. ‘ನಮ್ಮಕ್ಕನ ಮಗಳು. ಇದೇ ನೀಲಿ ನೋಟ್‌ಬುಕ್ಕು, ಇದೇ ನಲವತ್ತು ವಾಕ್ಯ, ಮೊದಲ ಸಲಕ್ಕೇ ಪಾಸು’ ಎಂದೆ. ‘ನಾನೂ ಹಾಗೇ ಪಾಸಾಗಿದ್ದು’ ಎಂದೂ ಹೇಳಿದೆ.

ಆಫೀಸಿನಿಂದ ಒಂದು ಸುತ್ತೋಲೆ ಬಂದಿದೆ. ಅದೇನು ದೊಡ್ಡ ವಿಷಯವಲ್ಲ.

ನಿನ್ನ ವಾರ್ಡಿನ ಬಗ್ಗೆ ಬರೆ. ಕ್ಲಾಸಿನಲ್ಲಿ ಓದಿ ಹೇಳುತ್ತೇನೆ. ನಮ್ಮ ವಾಕ್ಯಗಳು ಅಲ್ಲಿ ಹೇಗೆ ಉಪಯೋಗಕ್ಕೆ ಬರುತ್ತಿವೆ ಎಂದು ಮರೆಯದೆ ಬರೆ.

ನಿನ್ನ ಚಿಕ್ಕಮ್ಮ


ಜೂನ್ 19

ಚಿಕ್ಕಮ್ಮನಿಗೆ ನಮಸ್ಕಾರಗಳು.

ಕಾಗದ ಬಂತು. ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ ಎಲ್ಲ ಸರಿ. ಕೋಣೆಯಲ್ಲಿ ಇನ್ನೊಬ್ಬಳಿದ್ದಾಳೆ, ಅವಳೂ ಬೇರೆ ಭಾಷೆಯವಳು. ಇಬ್ಬರೂ ಕೈಸನ್ನೆಯಲ್ಲೇ ಜಗಳವಾಡುತ್ತೇವೆ.

ನಾನಿರುವ ಕಡೆ ಎಲ್ಲವೂ ಬೆಳ್ಳಗೆ, ಶುಭ್ರವಾಗಿದೆ. ಗಲಾಟೆಯಿಲ್ಲ. ಲೆಕ್ಕ ಇಡುವ ಕೆಲಸ ಜಾಸ್ತಿ, ಒಂದೂ ಹೆಚ್ಚುಕಡಿಮೆ ಆಗಬಾರದು. ಮಾತಾಡುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಗಾಲಿ ಗಾಡಿ ತಳ್ಳಿ ತಳ್ಳಿ ತೋಳು ಪೈಲ್ವಾನನ ತರಹ ಆಗಿದೆ.

ವಾಕ್ಯಗಳೆಲ್ಲ ನೆನಪಿವೆ. ಏಳನೆಯದು ತುಂಬ ನೆನಪಿದೆ.

ನಿಮ್ಮ ಪಟಾಕಿ


ಜೂನ್ 28

ಪ್ರೀತಿಯ ಪಟಾಕಿ,

ನಿನ್ನ ಕಾಗದ ಓದಿ ಎಷ್ಟು ಸಮಾಧಾನವಾಯಿತೆಂದರೆ, ಅವತ್ತು ಬೀಗ ಒಂದೇ ಸಲ ನೋಡಿ ಹೊರಟೆ. ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದೆ. ‘ನೋಡಿ, ಎಷ್ಟು ಶಿಸ್ತಿನ ವಾರ್ಡು! ರೋಗಿಗಳ ಲೆಕ್ಕವೆಲ್ಲ ಇವಳ ಕೈಯಲ್ಲೇ’ ಎಂದೆ. ಏಳನೆಯ ವಾಕ್ಯವನ್ನು ಎಲ್ಲರಿಂದಲೂ ಹತ್ತು ಸಲ ಹೇಳಿಸಿದೆ: ‘ನಿಮ್ಮ ಮಾತನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ.’ ಪರೀಕ್ಷಕರು ಏನೇ ಕೇಳಲಿ, ಇದನ್ನು ಹೇಳಿದರೆ ಉಸಿರು ತೆಗೆದುಕೊಳ್ಳಲು ಎರಡು ಕ್ಷಣ ಸಿಗುತ್ತದೆ. ನಿನಗೂ ಹಾಗೇ ಹೇಳಿಕೊಟ್ಟಿದ್ದೆನಲ್ಲ.

ಆದರೆ ಆ ಡ್ರೈವರ್ ಇದ್ದಾನಲ್ಲ, ತಲೆಯಲ್ಲಿ ಹುಳ ಬಿಟ್ಟ. ‘ಟೀಚರ್, ಪರೀಕ್ಷೇಲಿ ಎದುರುಗಡೆ ಕೂತು ನಿಧಾನಕ್ಕೆ ಕೇಳ್ತಾರೆ, ಸರಿ. ಆಂಬುಲೆನ್ಸಲ್ಲಿ ನಂಗೆ ಮುಖಾನೇ ಕಾಣಲ್ಲ, ವೈರ್‌ಲೆಸ್ಸಲ್ಲಿ ದಡದಡ ಅಂತ ಹೇಳಿ ಇಟ್ಟುಬಿಡ್ತಾರೆ. ಆ ಮೇಡಮ್ಮು ವಾರ್ಡಲ್ಲಿ ಫೋನ್ ಬಂದ್ರೆ ಏನ್ ಮಾಡ್ತಾರೆ, ಸ್ವಲ್ಪ ಕೇಳಿ ಹೇಳಿ’ ಎಂದ.

‘ಅವಳು ಪಟಾಕಿ ಕಣಪ್ಪ, ಮಾತಿಗೆ ಮಾತು ಸಿಡಿಸುತ್ತಾಳೆ’ ಎಂದು ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಫೋನಿನ ಪಾಠ ನಾನು ಮಾಡಿಯೇ ಇಲ್ಲ. ಪರೀಕ್ಷೆಯಲ್ಲಿ ಅದು ಇಲ್ಲ, ಅದಕ್ಕೆ. ನೀನು ಏನು ಮಾಡುತ್ತೀಯ? ಎರಡು ಸಾಲು ಬರೆ, ಸಾಕು.

ಚಿಕ್ಕಮ್ಮ


ಜುಲೈ 17

ಪಟಾಕಿ,

ಕಾಗದ ತಲುಪಿಲ್ಲವೇನೋ ಎಂದು ಇನ್ನೊಂದು ಬರೆಯುತ್ತಿದ್ದೇನೆ. ತಲುಪಿಯೂ ನೀನು ಬರೆಯದಿದ್ದರೆ, ನಾನು ಏನಾದರೂ ತಪ್ಪು ಬರೆದೆನೇ? ನಕಲು ಇಟ್ಟುಕೊಂಡಿದ್ದೇನೆ, ನಾಲ್ಕು ಸಲ ಓದಿದೆ. ಫೋನಿನ ಮಾತು ಬಿಟ್ಟರೆ ಬೇರೇನೂ ಇಲ್ಲ ಅದರಲ್ಲಿ.

ಹೊಸ ಪಾಠ ಶುರು ಮಾಡಲು ಕೈ ಬರುತ್ತಿಲ್ಲ. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತರೆ, ಇವರಿಗೆ ನಾನು ಕಲಿಸುತ್ತಿರುವುದು ಇಂಗ್ಲಿಷೋ, ಇಂಗ್ಲಿಷ್ ಬರುತ್ತದೆ ಎಂದು ತೋರಿಸಿಕೊಳ್ಳುವುದೋ ಎಂಬ ಯೋಚನೆ ಬರುತ್ತದೆ. ಹನ್ನೊಂದು ಜನರಲ್ಲಿ ಏಳು ಜನರಿಗೆ ಈ ಸರ್ಟಿಫಿಕೇಟು ಸಿಗದಿದ್ದರೆ ಕೆಲಸವಿಲ್ಲ. ಅದಕ್ಕೇ ಬೇರೆ ದಾರಿ ಕಾಣದೆ ಮತ್ತೆ ನೀಲಿ ನೋಟ್‌ಬುಕ್ಕು ತೆಗೆಯುತ್ತೇನೆ.

ಸುತ್ತೋಲೆಯ ಗಡುವು ಹತ್ತಿರ ಬಂತು. ಅದರ ವಿಷಯ ಆಮೇಲೆ.

ಚಿಕ್ಕಮ್ಮ


ಜುಲೈ 30

ಪಟಾಕಿ, ಬರೀ ‘ಬದುಕಿದ್ದೇನೆ’ ಎಂದು ಬರೆದರೂ ಸಾಕು. ನಿಮ್ಮಮ್ಮನಿಗೆ ನಾನಿನ್ನೂ ಏನೂ ಹೇಳಿಲ್ಲ. — ಚಿ.


ಆಗಸ್ಟ್ 9

ಚಿಕ್ಕಮ್ಮನಿಗೆ ನಮಸ್ಕಾರ.

ಬದುಕಿದ್ದೇನೆ. ಬದುಕಿದ್ದಾರೋ ಇಲ್ಲವೋ ಎಂದು ಒಂದು ದಿನವೆಲ್ಲ ಕಾದದ್ದು ಬೇರೆಯವರಿಗಾಗಿ. ಅದನ್ನೇ ನಿಮಗೆ ಬರೆಯಲಾಗದೆ ಇಷ್ಟು ದಿನ ಸುಮ್ಮನಿದ್ದೆ.

ನಾನೀಗ ವಾರ್ಡಿನಲ್ಲಿಲ್ಲ. ಮೇ ತಿಂಗಳ ಕೊನೆಯಿಂದ ಬಟ್ಟೆ ಕೋಣೆಯಲ್ಲಿದ್ದೇನೆ. ಬೆಳ್ಳಗೆ, ಶುಭ್ರವಾಗಿದೆ ಎಂದು ಬರೆದದ್ದು ಹಾಸಿಗೆಯ ಬಟ್ಟೆಗಳು. ಲೆಕ್ಕ ಇಡುವುದು ದಿಂಬಿನ ಚೀಲಗಳನ್ನು. ಗಾಲಿ ಗಾಡಿ ಒಗೆಯುವ ಬಟ್ಟೆಯದು. ಸುಳ್ಳೊಂದೂ ಬರೆಯಲಿಲ್ಲ, ಆದರೆ ನೀವು ಅದನ್ನು ಕ್ಲಾಸಿನಲ್ಲಿ ಓದಿದಿರಿ ಎಂದಾಗ ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಯಿತು.

ನಡೆದದ್ದು ಇಷ್ಟು. ಆರನೇ ನಂಬರಿನ ಹಾಸಿಗೆಯಲ್ಲಿ ಒಬ್ಬ ಅಜ್ಜ ಇದ್ದರು. ಹಲ್ಲಿನ ಸೆಟ್ಟನ್ನು ಕಪ್ಪಿನಲ್ಲಿಟ್ಟು ಅದಕ್ಕೆ ಗುಡ್ ಮಾರ್ನಿಂಗ್ ಹೇಳುವವರು. ಒಂದು ಬೆಳಿಗ್ಗೆ ಲ್ಯಾಬಿನಿಂದ ಫೋನು ಬಂತು. ಅವರ ರಕ್ತದ ವರದಿ. ಮಧ್ಯಾಹ್ನದ ಮಾತ್ರೆ ಕೊಡಬೇಡಿ, ತಕ್ಷಣ ಡಾಕ್ಟರಿಗೆ ತಿಳಿಸಿ ಎಂದು ಹೇಳಿದರಂತೆ. ‘ಅಂತೆ’ ಏಕೆಂದರೆ ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ನಲ್ಲಿ ಬಿಟ್ಟ ಹಾಗೆ ಮಾತು ಸುರಿಯಿತು. ಕೊನೆಗೆ ಏನೋ ಕೇಳಿ ಸುಮ್ಮನಾದರು. ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ ಎಂಬುದು ಮಾತ್ರ ತಿಳಿಯಿತು. ಬಾಯಿ ತಾನಾಗಿ ತೆರೆದುಕೊಂಡು ಏಳನೇ ವಾಕ್ಯ ಹೇಳಿಬಿಟ್ಟಿತು. ‘ನಿಮ್ಮ ಮಾತನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ.’ ಎಷ್ಟು ಚೆನ್ನಾಗಿ ಹೇಳಿದೆ ಎಂದರೆ ಅವರು ಥ್ಯಾಂಕ್ಸ್ ಹೇಳಿ ಇಟ್ಟರು.

ಮಧ್ಯಾಹ್ನ ಅಜ್ಜನಿಗೆ ನಾನೇ ಮಾತ್ರೆ ಕೊಟ್ಟೆ. ಸಂಜೆ ಅವರನ್ನು ತೀವ್ರ ನಿಗಾ ಘಟಕಕ್ಕೆ ಓಡಿಸಿಕೊಂಡು ಹೋದರು. ಮಾರನೇ ದಿನ ಕಣ್ಣು ಬಿಟ್ಟರು. ಬದುಕಿದರು ಚಿಕ್ಕಮ್ಮ, ಬದುಕಿದರು.

ಹೆಡ್ ನರ್ಸು ಬೈಯಲಿಲ್ಲ. ‘ನಿನಗೆ ಅರ್ಥವಾಗಲಿಲ್ಲ ಎಂದು ಯಾಕೆ ಹೇಳಲಿಲ್ಲ?’ ಎಂದು ಒಂದೇ ಪ್ರಶ್ನೆ ಕೇಳಿದರು. ಅದಕ್ಕೂ ನನ್ನ ಬಾಯಿಗೆ ಬಂದದ್ದು ಏಳನೆಯದೇ, ತುಟಿ ಕಚ್ಚಿಕೊಂಡು ನುಂಗಿದೆ. ಅಕ್ಟೋಬರ್ ಐದಕ್ಕೆ ನನಗೆ ಫೋನಿನ ಪರೀಕ್ಷೆ ಇಟ್ಟಿದ್ದಾರೆ. ಅದರಲ್ಲಿ ನಪಾಸಾದರೆ ಮನೆಗೆ. ಫೋನು ರಿಂಗಾದರೆ ಈಗಲೂ ಎದ್ದು ಕೋಣೆಯಿಂದ ಆಚೆ ಹೋಗಿಬಿಡುತ್ತೇನೆ, ನಿಮ್ಮ ಫೋನಾದರೂ ಅಷ್ಟೇ. ಅದಕ್ಕೇ ಕಾಗದ.

ತಪ್ಪು ನಿಮ್ಮದಲ್ಲ. ನೀವು ಕಲಿಸಿದ್ದು ಸರಿಯಾಗಿಯೇ ಇತ್ತು, ಪಾಸಾದೆನಲ್ಲ. ನಿಮ್ಮ ಹಾಗೆ ಬುದ್ಧಿ ನನಗಿಲ್ಲ, ಅಷ್ಟೇ. ಅಮ್ಮನಿಗೆ ಹೇಳಬೇಡಿ.

ಪಟಾಕಿ (ಈಗ ಬರೀ ಠುಸ್)


ಆಗಸ್ಟ್ 31

ಮಗಳೇ,

ಮೂರು ವಾರ ತಡವಾಯಿತು. ಈ ಸಲ ಹರಿದ ಹಾಳೆಗಳ ಲೆಕ್ಕ ಇಟ್ಟಿಲ್ಲ.

ನಿನ್ನ ಕಾಗದ ಬಂದ ದಿನ ನೀಲಿ ನೋಟ್‌ಬುಕ್ಕು ತೆಗೆದು ಕೂತೆ. ಅಜ್ಜನಿಗೆ ಬೇಕಾಗಿದ್ದ ವಾಕ್ಯ ಅದರಲ್ಲಿತ್ತೇ ಎಂದು ಒಂದರಿಂದ ಓದಿದೆ. ಇತ್ತು. ಹನ್ನೆರಡನೆಯದು. ‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಹೇಳಿ.’ ಅದರ ಮೇಲೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ. ಎಳೆದವಳು ನಾನು. ನೆನಪಿದೆಯಾ, ನೀನು ‘ಇದೂ ಇರಲಿ ಚಿಕ್ಕಮ್ಮ’ ಅಂದೆ. ‘ಥೂ, ಪರೀಕ್ಷಕರ ಮುಂದೆ ಅರ್ಥವಾಗಲಿಲ್ಲ ಅಂದರೆ ಮಾರ್ಕು ಹೋದ ಹಾಗೇ, ಅದನ್ನು ಮರೆತುಬಿಡು’ ಎಂದು ನಿನ್ನ ಪುಸ್ತಕದಲ್ಲೂ ನಾನೇ ಗೆರೆ ಎಳೆದೆ. ಅಲ್ಲಿಂದ ಮುಂದೆ ಅದು ಮೂವತ್ತೊಂಬತ್ತೇ ವಾಕ್ಯ, ಬಾಯಲ್ಲಿ ಮಾತ್ರ ನಲವತ್ತು.

ಆರನೇ ಹಾಸಿಗೆಯ ಆ ಹಿರಿಯರಿಗೆ ಮಾತ್ರೆ ಕೊಟ್ಟ ಕೈ ನಿನ್ನದಾದರೂ ನಾಲಿಗೆ ನನ್ನದು.

ಇನ್ನೊಂದಿದೆ. ಇದನ್ನು ಹೇಳದೆ ಉಳಿದದ್ದು ಹೇಳಿದರೆ ಪ್ರಯೋಜನವಿಲ್ಲ. ಆ ಪರೀಕ್ಷೆಯನ್ನು ನಾನು ಯಾವತ್ತೂ ಬರೆದಿಲ್ಲ. ನನ್ನ ಓದು ಒಂಬತ್ತಕ್ಕೇ ನಿಂತದ್ದು ನಿನಗೆ ಗೊತ್ತು. ಎರಡು ಊರು, ಮೂರು ಶಾಲೆ, ಆಮೇಲೆ ಅಮ್ಮನ ಕಾಯಿಲೆ. ಟೈಪಿಂಗ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕಂಡವರ ಅರ್ಜಿಗಳನ್ನು ಟೈಪ್ ಮಾಡಿ ಮಾಡಿ ಇಂಗ್ಲಿಷ್ ಕಲಿತೆ. ಅದು ಕಣ್ಣಿನ ಇಂಗ್ಲಿಷು, ಬೆರಳಿನ ಇಂಗ್ಲಿಷು. ಕಿವಿಗೂ ಅದಕ್ಕೂ ಸಂಬಂಧವಿಲ್ಲ. ಈ ಸಂಜೆ ಶಾಲೆಗೆ ನಾನು ಬಂದದ್ದು ಪಾಠದ ಹಾಳೆ ಟೈಪ್ ಮಾಡಲು. ಆಗಿನ ಮೇಷ್ಟ್ರು ಹೇಳದೆ ಕೇಳದೆ ಬಿಟ್ಟು ಹೋದಾಗ ‘ಒಂದು ವಾರ ನೀವೇ ನೋಡ್ಕೊಳ್ಳಿ’ ಎಂದರು. ಆ ವಾರಕ್ಕೆ ಈಗ ಆರು ವರ್ಷ. ಮೊದಲ ದಿನ ಯಾರೋ ‘ಟೀಚರ್, ನೀವು ಎಷ್ಟನೇ ಸಲಕ್ಕೆ ಪಾಸಾದ್ರಿ?’ ಎಂದು ಕೇಳಿದರು. ಹೆದರಿಕೆಗೆ ‘ಮೊದಲ ಸಲಕ್ಕೆ’ ಎಂದೆ. ಆ ಸುಳ್ಳನ್ನು ಆಮೇಲೆ ಪ್ರತಿ ಬ್ಯಾಚಿಗೂ ಹೇಳಿದೆ, ದಿನಾ ಅದರ ಮೇಲೇ ನಿಂತು ಪಾಠ ಮಾಡಿದೆ.

ಸುತ್ತೋಲೆ ಇದೇ. ಪಾಠ ಮಾಡುವವರು ತಮ್ಮ ಅಂಕಪಟ್ಟಿ ತೋರಿಸಬೇಕು. ಸೆಪ್ಟೆಂಬರ್ 21ಕ್ಕೆ ಪರೀಕ್ಷೆ. ಪ್ರತಿ ಭಾಗದಲ್ಲೂ ಒಂಬತ್ತಕ್ಕೆ ಏಳು ಬರಬೇಕು, ಇಲ್ಲವಾದರೆ ಆ ಕ್ಲಾಸು ನನ್ನದಲ್ಲ. ಬಿಟ್ಟುಬಿಡೋಣ, ಮೈ ಸರಿಯಿಲ್ಲ ಎಂದು ರಜೆ ಚೀಟಿ ಬರೆಯೋಣ ಎಂದುಕೊಂಡೆ. ಆ ಚೀಟಿಗೂ ನನ್ನ ಹತ್ತಿರ ಸಿದ್ಧ ವಾಕ್ಯವಿದೆ ಎಂದು ಹೊಳೆದಾಗ ನಾಚಿಕೆಯಾಯಿತು.

ಪರೀಕ್ಷೆಯ ಅರ್ಜಿ ತುಂಬಿ ಕಳಿಸಿದ್ದೇನೆ. ಬೈಯುವುದಿದ್ದರೆ ಬೈ.

ಚಿಕ್ಕಮ್ಮ


ಸೆಪ್ಟೆಂಬರ್ 8

ಚಿಕ್ಕಮ್ಮ,

ಮನೆಯಲ್ಲಿ ‘ನೀನು’, ಕ್ಲಾಸಿಗೆ ಸೇರಿದ ಮೇಲೆ ‘ನೀವು’ ಎಂದು ನೀನೇ ಮಾಡಿದ ನಿಯಮ. ಇವತ್ತು ‘ನೀನು’ ಅಂತಲೇ ಬರೆಯುತ್ತೇನೆ, ಟೀಚರಿಗೆ ಬೈಯಲು ಬರುವುದಿಲ್ಲ.

ನೂರು ದಿನ ದಿಂಬಿನ ಚೀಲ ಎಣಿಸುತ್ತಾ ‘ಚಿಕ್ಕಮ್ಮನಿಗೆ ಬಂದದ್ದು ನನಗೆ ಯಾಕೆ ಬರಲಿಲ್ಲ’ ಎಂದು ಅತ್ತಿದ್ದೇನೆ. ನಿನಗೂ ಬರುತ್ತಿರಲಿಲ್ಲ! ಒಂದು ಮಾತು ಹೇಳಿದ್ದರೆ ನಾನು ಇಷ್ಟು ದಡ್ಡಿ ಎಂದುಕೊಳ್ಳುತ್ತಿರಲಿಲ್ಲ. ಕಾಗದವನ್ನು ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಎತ್ತಿಕೊಂಡೆ. ಟೀ ಬಿದ್ದಿತ್ತು, ಒರೆಸಿ ಒಣಗಿಸಿದೆ. ಹನ್ನೆರಡನೇ ವಾಕ್ಯದ ಜಾಗ ಮಾತ್ರ ಚೆನ್ನಾಗಿ ಉಳಿದಿದೆ.

ಸರಿ, ಈಗ ಕೇಳು. ನಿನಗೆ ಇನ್ನು ಹದಿಮೂರು ದಿನ, ನನಗೆ ಇಪ್ಪತ್ತೇಳು. ಬಟ್ಟೆ ಕೋಣೆಯ ಇನ್‌ಚಾರ್ಜ್ ಒಬ್ಬರಿದ್ದಾರೆ. ಮುಂಗೋಪಿ, ಮುದುಕಿ, ಬಾಯಿ ತುಂಬ ಮಾತು. ಅವರಿಗೆ ದಿನಾ ಅರ್ಧ ಗಂಟೆ ಪಕ್ಕದ ಕೋಣೆಯಿಂದ ನನಗೆ ಫೋನು ಮಾಡಲು ಹೇಳಿದ್ದೇನೆ. ಮೊದಲ ದಿನ ‘ಪಕ್ಕದಲ್ಲೇ ಇದ್ದೀಯಲ್ಲ, ಫೋನ್ಯಾಕೆ, ಹುಚ್ಚಿ?’ ಎಂದರು. ಈಗ ಅವರೇ ಬೆಳಿಗ್ಗೆ ಕಾದು ಕೂತಿರುತ್ತಾರೆ.

ನೀನು ಏನು ಮಾಡಬೇಕು ಎಂದರೆ, ಬಸ್ಸು ಬಂದರೆ ಆ ಕ್ಯಾಸೆಟ್ಟು ಪಾಠ ನಿಲ್ಲಿಸುತ್ತೀಯಲ್ಲ, ಅದನ್ನು ಬಿಡು. ಬಸ್ಸಿನ ಸದ್ದಿನಲ್ಲೇ ಕೇಳು. ಇಲ್ಲಿ ಎಲ್ಲರೂ ಸದ್ದಿನಲ್ಲೇ ಮಾತಾಡುತ್ತಾರೆ. ಎಲ್ಲ ಮಾತು ಹಿಡಿಯಲು ಹೋಗಬೇಡ. ಯಾರಿಗೆ, ಏನು, ಎಷ್ಟು ಹೊತ್ತಿಗೆ. ಈ ಮೂರು ಸಿಗದಿದ್ದರೆ ಹನ್ನೆರಡನೆಯದು ಹೇಳು. ಮತ್ತೆ ಸಿಗದಿದ್ದರೆ ಮತ್ತೆ ಹೇಳು. ಮುಖ ಕೆಂಪಾದರೆ ಆಗಲಿ, ನೀನೇನು ಅವರ ಮನೆಗೆ ಸೊಸೆಯಾಗಿ ಹೋಗುತ್ತೀಯಾ?

ಹುಷಾರು. ಬೀಗ ಒಂದೇ ಸಲ ನೋಡು.

ಪಟಾಕಿ


ಸೆಪ್ಟೆಂಬರ್ 22

ಪಟಾಕಿ,

ನಿನ್ನೆ ಪರೀಕ್ಷೆ ಮುಗಿಯಿತು. ಮೊದಲು ಅದರ ಹಿಂದಿನ ದಿನದ್ದು ಹೇಳಬೇಕು. ಕ್ಲಾಸಿನಲ್ಲಿ ಎಲ್ಲ ಹೇಳಿಬಿಟ್ಟೆ. ನಾನು ಪರೀಕ್ಷೆ ಬರೆದಿಲ್ಲ, ಓದಿದ್ದು ಒಂಬತ್ತು. ಏಳನೇ ವಾಕ್ಯದಿಂದ ಒಬ್ಬರ ಜೀವಕ್ಕೆ ಕುತ್ತು ಬಂದಿತ್ತು ಎಂದೂ ಹೇಳಿದೆ, ನಿನ್ನ ಹೆಸರೆತ್ತದೆ. ನಾನು ನಿಂತಿದ್ದ ಕಡೆ ನೆಲವೇ ಇಲ್ಲದ ಹಾಗಿತ್ತು. ಒಬ್ಬಾಕೆ ಪುಸ್ತಕ ಚೀಲಕ್ಕೆ ಹಾಕಿಕೊಂಡು ಎದ್ದು ಹೋದಳು. ಅವಳದ್ದು ತಪ್ಪಲ್ಲ. ನಂಬಿ ಬಂದವಳು.

ಡ್ರೈವರ್ ತಲೆ ಕೆರೆದುಕೊಂಡು, ‘ಅಂದ್ರೆ ಟೀಚರ್, ಇಷ್ಟು ದಿನ ಲೈಸೆನ್ಸ್ ಇಲ್ದೇ ಗಾಡಿ ಓಡಿಸಿದ್ರಿ’ ಎಂದ.

‘ಹೌದಪ್ಪ’ ಎಂದೆ.

‘ನಾಳೆ ಹಾಲ್ ಎಲ್ಲಿದೆ ಹೇಳಿ. ನಾನೇ ಬಿಟ್ಬರ್ತೀನಿ. ಸೈರನ್ ಮಾತ್ರ ಹಾಕಲ್ಲ.’

ತನ್ನ ಸ್ಕೂಟರಿನಲ್ಲಿ ಬಿಟ್ಟು ಬಂದ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ದಾರಿ ಕೇಳುವವನ ಹಾಗೆ ಕಿರುಚುತ್ತಿದ್ದ, ಗಾಳಿಯಲ್ಲಿ ಅರ್ಧ ಕೇಳಿಸಲಿಲ್ಲ. ಆರು ಸಲ ಹನ್ನೆರಡನೆಯದು ಹೇಳಿಸಿದ.

ಹಾಲಿನಲ್ಲಿ ನನ್ನ ವಯಸ್ಸಿನವರು ಇನ್ನೊಬ್ಬರಿರಲಿಲ್ಲ. ಮೇಲ್ವಿಚಾರಕಿ ನನ್ನನ್ನು ನೋಡಿ ‘ಪಾಲಕರು ಹೊರಗೆ ಕೂರಬೇಕು’ ಎಂದಳು. ಓದು, ಬರಹ ಎರಡೂ ಸಲೀಸಾಗಿ ಹೋದವು. ಕೇಳುವ ಭಾಗದಲ್ಲಿ ಕಿವಿಗೆ ಹೆಡ್‌ಫೋನು ಹಾಕಿದ ತಕ್ಷಣ ನನ್ನ ಎದೆಬಡಿತವೇ ಜೋರಾಗಿ ಕೇಳಿಸಿತು. ನಾಲ್ಕೈದು ಪ್ರಶ್ನೆ ಕೈಬಿಟ್ಟವು. ಆರಾದರೂ ಇರಬಹುದು.

ಮಾತಿನ ಪರೀಕ್ಷೆಗೆ ಒಬ್ಬ ತರುಣ ಕೂತಿದ್ದ, ಕುತ್ತಿಗೆಗೆ ಗುರುತಿನ ಪಟ್ಟಿ. ಎರಡನೇ ಪ್ರಶ್ನೆಯೇ ಅರ್ಥವಾಗಲಿಲ್ಲ. ಏಳನೆಯದು ನಾಲಿಗೆಯ ತುದಿಗೆ ಬಂದು ನಿಂತಿತು, ತಯಾರಾಗಿ, ಸ್ನಾನ ಮಾಡಿಕೊಂಡು. ನುಂಗಿದೆ. ‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ’ ಎಂದೆ. ಅವನು ಮಾರ್ಕು ಕತ್ತರಿಸಲು ಪೆನ್ನೆತ್ತುತ್ತಾನೆ ಎಂದು ಅವನ ಕೈಯನ್ನೇ ನೋಡುತ್ತಿದ್ದೆ. ಪೆನ್ನು ಮೇಜಿನ ಮೇಲೇ ಇತ್ತು. ಅವನು ಅದೇ ಪ್ರಶ್ನೆಯನ್ನು ನಿಧಾನವಾಗಿ ಇನ್ನೊಮ್ಮೆ ಕೇಳಿದ. ಅಷ್ಟೇ.

ಅಷ್ಟೇ ಕಣೇ. ಆರು ವರ್ಷ ನಾನು ಹೆದರಿದ್ದು ಇದಕ್ಕೆ.

‘ನಿಮಗೆ ಕಲಿಸಿದವರೊಬ್ಬರ ಬಗ್ಗೆ ಹೇಳಿ’ ಎಂಬುದು ಅವನ ಪ್ರಶ್ನೆ. ಬಟ್ಟೆ ಕೋಣೆಯ ಒಬ್ಬಳ ಬಗ್ಗೆ ಹೇಳಿದೆ. ವ್ಯಾಕರಣ ಎಷ್ಟು ಕೆಟ್ಟಿತೋ ಗೊತ್ತಿಲ್ಲ.

ಚಿಕ್ಕಮ್ಮ


ಅಕ್ಟೋಬರ್ 6

ಚಿಕ್ಕಮ್ಮ,

ನಿನ್ನೆ ಹೆಡ್ ನರ್ಸು ಬೇರೆ ಮಹಡಿಯಿಂದ ಫೋನು ಮಾಡಿದರು. ಮೂರು ರೋಗಿಗಳ ವಿವರ, ಬೇಕೆಂದೇ ಗಡಿಬಿಡಿಯಲ್ಲಿ. ನಾನು ನಾಲ್ಕು ಸಲ ತಡೆದು ಹನ್ನೆರಡನೆಯದು ಹೇಳಿದೆ. ನಾಲ್ಕನೇ ಸಲಕ್ಕೆ ಅವರಿಗೆ ನಿಜವಾಗಿಯೂ ಸಿಟ್ಟು ಬಂತು, ಧ್ವನಿಯಲ್ಲೇ ಗೊತ್ತಾಯಿತು. ಆದರೂ ಬಿಡಲಿಲ್ಲ. ಬರೆದುಕೊಂಡದ್ದನ್ನೆಲ್ಲ ಅವರಿಗೇ ತಿರುಗಿ ಓದಿ ಹೇಳಿದೆ. ಆಮೇಲೆ, ‘ಸೋಮವಾರದಿಂದ ವಾರ್ಡಿಗೆ ಬಾ’ ಎಂದರು. ಇದು ಅರ್ಥವಾಗಿದ್ದರೂ ಇನ್ನೊಮ್ಮೆ ಹೇಳಿಸಿದೆ!

ಅಜ್ಜ ಯಾವತ್ತೋ ಮನೆಗೆ ಹೋಗಿದ್ದಾರೆ. ಹೋಗುವ ದಿನ ನನ್ನ ಗಾಡಿಯನ್ನು ನಿಲ್ಲಿಸಿ ಒಂದು ದಿಂಬಿನ ಚೀಲ ಮಡಿಸಿಕೊಟ್ಟರು. ನಾನು ಕ್ಷಮೆ ಕೇಳಬೇಕಿತ್ತು. ನಲವತ್ತರಲ್ಲಿ ಅದಕ್ಕೂ ವಾಕ್ಯ ಇರಲಿಲ್ಲ, ಸ್ವಂತದ್ದು ಕಟ್ಟಿ ಹೇಳುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತು.

ನಿನ್ನ ಫಲಿತಾಂಶ ಏನಾಯಿತು? ಬೇಗ ಬರೆ. ಇಲ್ಲ, ಬರೆಯಬೇಡ. ಫೋನು ಮಾಡಲೇ?

ಪಟಾಕಿ


ಅಕ್ಟೋಬರ್ 14

ಪಟಾಕಿ,

ಓದು ಎಂಟೂವರೆ. ಬರಹ ಎಂಟು. ಮಾತು ಏಳು. ಕೇಳುವುದು ಆರೂವರೆ.

ಅರ್ಧ ಕಡಿಮೆ. ಕಾಗದ ತಿರುಗಿಸಿ ಹಿಂದೆಯೂ ನೋಡಿದೆ, ಅಲ್ಲೇನೂ ಬರೆದಿರಲಿಲ್ಲ. ಪ್ರಿನ್ಸಿಪಾಲರು ‘ಮುಂದಿನ ಪರೀಕ್ಷೆವರೆಗೆ ನೀವು ಬರಹದ ಪಾಠ ಮಾತ್ರ ನೋಡಿಕೊಳ್ಳಿ, ಉಳಿದದ್ದಕ್ಕೆ ಹೊಸಬರು ಬರುತ್ತಾರೆ’ ಎಂದರು. ಅವರ ಮುಂದೆ ತಲೆಯಾಡಿಸಿ ಬಂದು, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿಮ್ಮಮ್ಮನಿಗೆ ಹೇಳಿದರೆ ‘ಬರೀ ಅರ್ಧ ತಾನೆ, ಅದಕ್ಕೆ ಇಷ್ಟೊಂದು ಅಳ್ತೀಯಾ’ ಅಂದಳು. ಕಲ್ಲಿನ ಎದೆಯೂ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ.

ಗೋಡೆಯ ಮೇಲೆ ನಿನ್ನ ಅಂಕಪಟ್ಟಿಯ ಪಕ್ಕ ನನ್ನದನ್ನೂ ಅಂಟಿಸಿದ್ದೇನೆ, ಆರೂವರೆ ಎಲ್ಲರಿಗೂ ಕಾಣುವ ಹಾಗೆ. ಎದ್ದು ಹೋದಾಕೆ ಮೊನ್ನೆ ವಾಪಸ್ ಬಂದು ಅದರ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಹೋಗಿ ತನ್ನ ಜಾಗದಲ್ಲಿ ಕೂತಳು. ಕೇಳುವ ಪಾಠ ಶುರುವಾದಾಗ ಡ್ರೈವರ್ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ. ನಾನೂ ಅಲ್ಲೇ ಕೂರುತ್ತೇನೆ, ಹನ್ನೆರಡನೆಯವಳಾಗಿ. ಬಸ್ಸು ಬಂದರೂ ನಿಲ್ಲಿಸುವುದಿಲ್ಲ.

ಇವರು ಪಾಸಾಗುತ್ತಾರೋ ಇಲ್ಲವೋ ಎಂಬ ಹೆದರಿಕೆ ಹೋಗಿಲ್ಲ. ಪಾಸಾದ ಮೇಲೆ ಏನು ಎಂಬ ಹೆದರಿಕೆಯೂ ಈಗ ಸೇರಿಕೊಂಡಿದೆ. ಎರಡನ್ನೂ ಹೊತ್ತುಕೊಂಡು ಹೋಗಿ ಪಾಠ ಮಾಡುತ್ತೇನೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನು ಮಾಡು. ಒಂಬತ್ತಕ್ಕೇ ಪಕ್ಕದಲ್ಲಿ ಕೂತಿರುತ್ತೇನೆ. ಇಂಗ್ಲಿಷಿನಲ್ಲೇ ಮಾತಾಡು. ನಿಧಾನವಾಗಿ ಬೇಡ, ಅಲ್ಲಿಯವರು ಮಾತಾಡುವ ಹಾಗೆ ದಡದಡನೆ ಮಾತಾಡು.

ನಾನು ತಡೆಯುತ್ತೇನೆ.

ನಿನ್ನ ಚಿಕ್ಕಮ್ಮ